ಐವತ್ತು ರೂಪಾಯಿ ದಂಡದ ಹಿಂದಿನ ರುಕ್ಮಿಣಿದೇವಿ

ರುಕ್ಮಿಣಿದೇವಿ ಅರುಂಡೇಲ್ ಅಂದರೆ ನಮಗೆಲ್ಲ ನೆನಪಾಗುವುದು ಭರತನಾಟ್ಯ. ಆಮೇಲೆ ಚೆನ್ನೈನ ಕಲಾಕ್ಷೇತ್ರ. ನೃತ್ಯ ಕಲಿಯುವ ಗೆಳತಿಯರಿದ್ದರೆ ಅವರು ಇನ್ನೂ ನಾಲ್ಕು ಮಾತು ಹೆಚ್ಚು ಹೇಳಬಹುದು. ಆದರೆ ಎತ್ತು, ಕುದುರೆ, ಕತ್ತೆ, ನಾಯಿ, ಕೋತಿಗಳ ಪರವಾಗಿ ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಎದ್ದು ನಿಂತು ಹೊಸ ಕಾನೂನು ಕೇಳಿದವರು ಇದೇ ರುಕ್ಮಿಣಿದೇವಿ ಎಂಬುದು ಎಷ್ಟು ಜನರಿಗೆ ಗೊತ್ತು? ಇವತ್ತಿಗೂ ನಮ್ಮ ದೇಶದಲ್ಲಿ ಮೂಕಪ್ರಾಣಿಗೆ ಇರುವ ಮುಖ್ಯ ಕಾನೂನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ಬೇರು ಇರುವುದು ಆಕೆ ಮಂಡಿಸಿ, ಆಮೇಲೆ ತಾವೇ ಹಿಂದಕ್ಕೆ ಪಡೆದ ಒಂದು ಮಸೂದೆಯಲ್ಲಿ. ಗೆದ್ದರೋ ಸೋತರೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದ ಕತೆ ಅದು.

ಎಂಜಿನಿಯರ್ ಮನೆಯ ಮಗಳು

ರುಕ್ಮಿಣಿ ಹುಟ್ಟಿದ್ದು 1904ರ ಫೆಬ್ರವರಿ 29ರಂದು, ಮಧುರೈಯಲ್ಲಿ. ತಂದೆ ನೀಲಕಂಠ ಶಾಸ್ತ್ರಿ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್. ತಾಯಿ ಶೇಷಮ್ಮಾಳ್‌ಗೆ ಸಂಗೀತವೆಂದರೆ ಪ್ರಾಣ. ಸರ್ಕಾರಿ ನೌಕರಿ ಎಂದ ಮೇಲೆ ವರ್ಗಾವಣೆ ತಪ್ಪಿದ್ದಲ್ಲ, ಸಂಸಾರ ಊರಿಂದ ಊರಿಗೆ ತಿರುಗುತ್ತಿತ್ತು. ಸಂಸ್ಕೃತ ಬಲ್ಲ ಸಂಪ್ರದಾಯಸ್ಥ ಬ್ರಾಹ್ಮಣರಾದರೂ ನೀಲಕಂಠ ಶಾಸ್ತ್ರಿಗಳಿಗೆ ಆನಿ ಬೆಸೆಂಟ್ ಅವರ ಥಿಯೊಸಾಫಿಕಲ್ ಸೊಸೈಟಿಯ ವಿಚಾರಗಳು ಹಿಡಿಸಿದವು. ನಿವೃತ್ತಿಯ ನಂತರ ಅವರು ಮದ್ರಾಸಿನ ಅಡ್ಯಾರಿನಲ್ಲಿ, ಸೊಸೈಟಿಯ ಪಕ್ಕದಲ್ಲೇ ಮನೆ ಕಟ್ಟಿಸಿದರು.

ಹುಡುಗಿಯ ಬದುಕು ತಿರುಗಿದ್ದು ಅಲ್ಲಿ. ಜಾತಿ, ಧರ್ಮ, ದೇಶದ ಗೆರೆ ಇಲ್ಲದೆ ಎಲ್ಲರೂ ಒಂದೇ ಎನ್ನುವ ಮಾತು ಅಡ್ಯಾರಿನಲ್ಲಿ ದಿನನಿತ್ಯ ಕೇಳಿಬರುತ್ತಿತ್ತು. ಆ ಒಂದೇ ಎನ್ನುವ ಬಳಗದಲ್ಲಿ ಪ್ರಾಣಿಗಳಿಗೂ ಜಾಗ ಇತ್ತು. ಅಲ್ಲಿಯೇ ಆಕೆಗೆ ಜಾರ್ಜ್ ಅರುಂಡೇಲ್ ಎಂಬ ಇಂಗ್ಲಿಷ್ ಶಿಕ್ಷಣತಜ್ಞರ ಪರಿಚಯವಾಯಿತು. 1920ರಲ್ಲಿ ಮದುವೆಯೂ ಆಯಿತು. ಆಕೆಗೆ ಹದಿನಾರು, ಆತನಿಗೆ ನಲವತ್ತೊಂದು. ಬ್ರಾಹ್ಮಣರ ಹುಡುಗಿ ಬಿಳಿಯನನ್ನು ಮದುವೆಯಾದಳು ಎಂದು ಮದ್ರಾಸಿಗೆ ಮದ್ರಾಸೇ ತಿರುಗಿಬಿತ್ತು. ಇಂದಿನ ಕಣ್ಣಿಗೆ ಆ ವಯಸ್ಸಿನ ಅಂತರವೇ ಮೊದಲು ಕಾಣುತ್ತದೆ, ಅಂದಿನವರಿಗೆ ಕಂಡಿದ್ದು ಚರ್ಮದ ಬಣ್ಣ. ಜನರ ಬಾಯಿಗೆ ಬಿದ್ದು, ಅದಕ್ಕೆ ಜಗ್ಗದೆ ನಡೆಯುವುದನ್ನು ಆಕೆ ಹದಿನಾರಕ್ಕೇ ಕಲಿತರು.

ನೃತ್ಯದ ಕಡೆ ಅವರು ಹೊರಳಿದ್ದು ಸ್ವಲ್ಪ ತಡವಾಗಿ. 1928ರಲ್ಲಿ ರಷ್ಯಾದ ಬ್ಯಾಲೆ ಕಲಾವಿದೆ ಆನಾ ಪಾವ್ಲೋವಾ ಪರಿಚಯವಾದರು. ಬ್ಯಾಲೆ ಕಲಿಯಲು ಹೊರಟ ರುಕ್ಮಿಣಿದೇವಿಗೆ, ನಿಮ್ಮ ನೆಲದ ಕಲೆಯನ್ನೂ ಹುಡುಕಿ ನೋಡಿ ಎಂದು ಹೇಳಿದವರು ಪಾವ್ಲೋವಾ. 1933ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಸದಿರ್ ನೃತ್ಯ ನೋಡಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ದೇವದಾಸಿಯರು ಆಡುತ್ತಿದ್ದ ಆ ನೃತ್ಯವನ್ನು ಮಾನವಂತರ ಮನೆಯವರು ಕಲಿಯಬಾರದು ಎನ್ನುವ ಕಾಲ ಅದು. ಮೈಲಾಪುರ್ ಗೌರಿ ಅಮ್ಮಾಳ್, ಪಂದನಲ್ಲೂರು ಮೀನಾಕ್ಷಿ ಸುಂದರಂ ಪಿಳ್ಳೈ ಅವರ ಬಳಿ ಕಲಿತು 1935ರಲ್ಲಿ ಅಡ್ಯಾರಿನ ವೇದಿಕೆ ಏರಿದರು. 1936ರಲ್ಲಿ ಕಲಾಕ್ಷೇತ್ರ ಶುರುವಾಯಿತು. ತಲೆಮಾರುಗಳಿಂದ ಆ ಕಲೆ ಕಾಪಾಡಿಕೊಂಡು ಬಂದ ಕುಟುಂಬಗಳನ್ನು ಬದಿಗೆ ಸರಿಸಿ ಅದನ್ನು ಮೇಲ್ವರ್ಗದ ಕಲೆ ಮಾಡಿದರು ಎಂಬ ಆಕ್ಷೇಪ ಆಕೆಯ ಮೇಲೆ ಇಂದಿಗೂ ಇದೆ, ಅದರಲ್ಲಿ ಹುರುಳೂ ಇದೆ. ಆ ಚರ್ಚೆ ದೊಡ್ಡದು. ಈ ಬರಹ ಹಿಡಿದಿರುವ ದಾರಿ ಬೇರೆ.

ಶುಕ್ರವಾರದ ಮಸೂದೆ

1952ರಲ್ಲಿ ರಾಜ್ಯಸಭೆ ಹೊಸದಾಗಿ ರಚನೆಯಾಯಿತು. ಕಲೆ, ಸಾಹಿತ್ಯ, ವಿಜ್ಞಾನ, ಸಮಾಜಸೇವೆಯಲ್ಲಿ ಹೆಸರು ಮಾಡಿದ ಹನ್ನೆರಡು ಮಂದಿಯನ್ನು ರಾಷ್ಟ್ರಪತಿ ನಾಮಕರಣ ಮಾಡುವ ಪದ್ಧತಿ ಅಂದೇ ಶುರುವಾದದ್ದು. ವಿಜ್ಞಾನಿ ಸತ್ಯೇಂದ್ರನಾಥ ಬೋಸ್, ನಟ ಪೃಥ್ವಿರಾಜ್ ಕಪೂರ್, ಹಿಂದಿ ಕವಿ ಮೈಥಿಲಿ ಶರಣ ಗುಪ್ತ ಇದ್ದ ಆ ಮೊದಲ ತಂಡದಲ್ಲಿ ರುಕ್ಮಿಣಿದೇವಿಯೂ ಇದ್ದರು. ಕಲಾವಿದೆ ಕಲೆಯ ಬಗ್ಗೆ ಮಾತಾಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರೆ ಅದು ಸಹಜ. ಆಕೆ ಹಿಡಿದು ಬಂದದ್ದು ಪ್ರಾಣಿಗಳ ವಿಷಯ.

ಆಗ ಜಾರಿಯಲ್ಲಿದ್ದದ್ದು ಬ್ರಿಟಿಷರ ಕಾಲದ 1890ರ ಕಾಯ್ದೆ. ಅದರ ಕೈ ಪಟ್ಟಣಗಳ ಆಚೆ ಹೆಚ್ಚು ಚಾಚುತ್ತಿರಲಿಲ್ಲ. ಅದರ ಪ್ರಕಾರ ಪ್ರಾಣಿ ಎಂದರೆ ಸಾಕಿದ್ದು ಅಥವಾ ಹಿಡಿದಿಟ್ಟದ್ದು ಮಾತ್ರ. ಗಾಡಿಗೆ ಕಟ್ಟಿದ ಎತ್ತು, ಸರ್ಕಸ್ಸಿನ ಹುಲಿ, ಪ್ರಯೋಗಾಲಯದ ಕೋತಿ, ರೈಲಿನಲ್ಲಿ ತುಂಬಿ ಕಳಿಸುವ ದನ, ಇವೆಲ್ಲಕ್ಕೂ ಸೇರಿ ಒಂದು ಗಟ್ಟಿ ಕಾನೂನು ಬೇಕಿತ್ತು. ರುಕ್ಮಿಣಿದೇವಿ ತಾವೇ ಮಸೂದೆ ತಂದರು. 1954ರ ಮಾರ್ಚ್‌ನಲ್ಲಿ ಅದು ರಾಜ್ಯಸಭೆಯಲ್ಲಿ ಚರ್ಚೆಗೆ ಬಂತು.

ಸಚಿವರಲ್ಲದವರು ತರುವ ಮಸೂದೆಗೆ ಖಾಸಗಿ ಸದಸ್ಯರ ಮಸೂದೆ ಎನ್ನುತ್ತಾರೆ. ಸಾಮಾನ್ಯವಾಗಿ ಶುಕ್ರವಾರ ಮಧ್ಯಾಹ್ನ, ಸಂಸದರು ಊರಿಗೆ ಹೊರಡುವ ಹೊತ್ತಿಗೆ ಇವುಗಳ ಪಾಳಿ. ನಮ್ಮ ಸಂಸತ್ತಿನ ಇಡೀ ಚರಿತ್ರೆಯಲ್ಲಿ ಇಂಥ ಮಸೂದೆಗಳು ಕಾನೂನಾದದ್ದು 14 ಮಾತ್ರ, ಕೊನೆಯದು 1970ರಲ್ಲಿ. ಸರ್ಕಾರ ಒಪ್ಪದೆ ಇಂಥದ್ದು ಪಾಸಾಗುವುದಿಲ್ಲ ಎಂಬುದು ರುಕ್ಮಿಣಿದೇವಿಗೆ ತಿಳಿಯದ್ದೇನಲ್ಲ. ಆದರೂ ಅವರು ಸದನದ ಎದುರು ಪ್ರಾಣಿಗಳ ಪಾಡನ್ನು ಬಿಡಿಸಿ ಬಿಡಿಸಿ ಹೇಳಿದರು. ಅಹಿಂಸೆಯ ಹೆಸರು ಹೇಳಿ ಸ್ವಾತಂತ್ರ್ಯ ಪಡೆದ ದೇಶ, ಮಾತಾಡಲು ಬಾರದ ಜೀವಗಳನ್ನು ಮರೆಯಬಾರದು ಎಂಬುದು ಅವರ ವಾದದ ತಿರುಳು.

ಆಗ ಪ್ರಧಾನಿ ನೆಹರೂ ಎದ್ದರು. ಮಸೂದೆಯ ಆಶಯಕ್ಕೆ ತಮ್ಮ ಸಹಾನುಭೂತಿ ಇದೆ ಎಂದರು. ಆದರೆ ಇದು ಆಳವಾಗಿ ನೋಡಬೇಕಾದ ವಿಷಯ, ಸರ್ಕಾರವೇ ಸಮಿತಿ ಮಾಡಿ ಪರಿಶೀಲಿಸಿ ಮುಂದಿನ ಹೆಜ್ಜೆ ಇಡುತ್ತದೆ, ಆದ್ದರಿಂದ ಮಸೂದೆಯನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಿಕೊಂಡರು. ರುಕ್ಮಿಣಿದೇವಿ ಹಿಂದಕ್ಕೆ ಪಡೆದರು.

ಇಲ್ಲಿ ನಿಂತು ಯೋಚಿಸಬೇಕು. ಮತಕ್ಕೆ ಹಾಕಿ ಎಂದು ಹಠ ಹಿಡಿದಿದ್ದರೆ? ಸದನದಲ್ಲಿ ಕಾಂಗ್ರೆಸ್ಸಿಗೆ ಭಾರಿ ಬಹುಮತ. ಮಸೂದೆ ಬಿದ್ದುಹೋಗುತ್ತಿತ್ತು, ಆಕೆ ಹೋರಾಡಿ ಸೋತವರು ಎನಿಸಿಕೊಳ್ಳುತ್ತಿದ್ದರು, ಮರುದಿನದ ಪತ್ರಿಕೆಯಲ್ಲಿ ಒಳ್ಳೆಯ ಸುದ್ದಿಯಾಗುತ್ತಿತ್ತು. ಸರ್ಕಾರದ ಮೇಲೆ ಮಾತ್ರ ಯಾವ ಋಣವೂ ಉಳಿಯುತ್ತಿರಲಿಲ್ಲ. ಹಿಂದಕ್ಕೆ ಪಡೆದದ್ದರಿಂದ ಆಕೆಯ ಕೈಯಲ್ಲಿ ಪ್ರಧಾನಿಯ ಮಾತು ಉಳಿಯಿತು. ರಾಜಕೀಯದಲ್ಲಿ ಕೊಟ್ಟ ಮಾತಿಗೆ ಏನು ಬೆಲೆ ಎಂದು ನಾವು ನಗಬಹುದು. ಈ ಮಾತಿಗೆ ಬೆಲೆ ಬಂತು. ಆದರೆ ಆರು ವರ್ಷ ಹಿಡಿಯಿತು.

ಆ ಆರು ವರ್ಷ ಅವರೇನು ದೆಹಲಿಯ ಬಾಗಿಲು ಕಾಯುತ್ತಾ ಕೂತಿರಲಿಲ್ಲ. ಕಲಾಕ್ಷೇತ್ರದಲ್ಲಿ ರಾಮಾಯಣದ ನೃತ್ಯನಾಟಕಗಳು ರೂಪುಗೊಂಡದ್ದು ಇದೇ ಕಾಲದಲ್ಲಿ. ಅದಕ್ಕೆ ಸಂಗೀತ ಕೊಟ್ಟವರು ನಮ್ಮ ಮೈಸೂರು ಅರಮನೆಯ ವಿದ್ವಾಂಸ ವಾಸುದೇವಾಚಾರ್ಯರು. ಎಂಬತ್ತು ದಾಟಿದ ಹಿರಿಯರನ್ನು ರುಕ್ಮಿಣಿದೇವಿ ಮದ್ರಾಸಿಗೆ ಕರೆಸಿಕೊಂಡಿದ್ದರು, ಅವರು 1961ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಒಂದು ಕೈಯಲ್ಲಿ ರಾಮಾಯಣ, ಇನ್ನೊಂದು ಕೈಯಲ್ಲಿ ಪ್ರಾಣಿಗಳ ಅರ್ಜಿ. 1956ರಲ್ಲಿ ಮತ್ತೆ ರಾಜ್ಯಸಭೆಗೆ ನಾಮಕರಣವಾಯಿತು.

ಏನು ಸಿಕ್ಕಿತು, ಏನು ಸಿಗಲಿಲ್ಲ

1960ರ ಡಿಸೆಂಬರಿನಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಸಿಕ್ಕಿದ್ದು ಸಣ್ಣದಲ್ಲ. ಮನುಷ್ಯನನ್ನು ಬಿಟ್ಟು ಉಳಿದೆಲ್ಲ ಜೀವಿಯೂ ಪ್ರಾಣಿಯೇ ಎಂದು ಕಾನೂನು ಒಪ್ಪಿತು. ಹೊಡೆಯುವುದು, ಶಕ್ತಿ ಮೀರಿ ಹೊರೆ ಹೇರುವುದು, ಗಾಯವಾದ ಪ್ರಾಣಿಯನ್ನು ದುಡಿಸುವುದು, ಉಪವಾಸ ಕೆಡವುದು, ಕೈಕಾಲು ಆಡಿಸಲಾಗದ ಪಂಜರದಲ್ಲಿ ಇಡುವುದು, ಎಲ್ಲವೂ ಅಪರಾಧ ಎಂದಾಯಿತು. ಸಾಕಿದವರಿಗೆ ಪ್ರಾಣಿಯ ಯೋಗಕ್ಷೇಮ ನೋಡುವ ಕರ್ತವ್ಯ ಬಂತು. ಇದನ್ನೆಲ್ಲ ನೋಡಿಕೊಳ್ಳಲು ಪ್ರಾಣಿ ಕಲ್ಯಾಣ ಮಂಡಳಿ ಎಂಬ ಶಾಸನಬದ್ಧ ಸಂಸ್ಥೆ ಹುಟ್ಟಿತು.

ಸಿಗದಿದ್ದದ್ದೂ ಸಣ್ಣದಲ್ಲ. ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು, ಇವುಗಳಿಗೆ ವಿನಾಯಿತಿ. ಧರ್ಮದ ಪದ್ಧತಿಯಂತೆ ಪ್ರಾಣಿ ಕೊಲ್ಲುವುದು ಅಪರಾಧವಲ್ಲ ಎಂಬ ಪ್ರತ್ಯೇಕ ಸೆಕ್ಷನ್. ಹೊಸ ಜ್ಞಾನಕ್ಕಾಗಿ, ರೋಗ ಗುಣಪಡಿಸುವುದಕ್ಕಾಗಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಲು ಅಡ್ಡಿಯಿಲ್ಲ, ಮೇಲೊಂದು ಸಮಿತಿ ಇರಬಹುದು ಅಷ್ಟೇ. ಹೆಚ್ಚಿನ ಅಪರಾಧಗಳಲ್ಲಿ ಪೊಲೀಸರು ತಾವಾಗಿಯೇ ಬಂಧಿಸುವಂತಿಲ್ಲ. ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಪ್ರಕರಣ ಸತ್ತಂತೆ. ಮಂಡಳಿ ಸಲಹೆ ಕೊಡಬಹುದೇ ಹೊರತು ಶಿಕ್ಷಿಸುವಂತಿಲ್ಲ. ಎಲ್ಲಕ್ಕಿಂತ ಕೊನೆಯಲ್ಲಿ ದಂಡ: ಮೊದಲ ಸಲ ಸಿಕ್ಕಿಬಿದ್ದರೆ ಹೆಚ್ಚೆಂದರೆ 50 ರೂಪಾಯಿ.

ಆ ಕಾಲಕ್ಕೆ ಅದೇನು ಪುಡಿಗಾಸಲ್ಲ. 1960ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ನೂರಹತ್ತು ರೂಪಾಯಿ ಆಸುಪಾಸು. ಅಂದರೆ ಐವತ್ತು ರೂಪಾಯಿಗೆ ನಾಲ್ಕು ಗ್ರಾಂ ಚಿನ್ನ ಬರುತ್ತಿತ್ತು. ಗಾಡಿ ಹೊಡೆಯುವ ಬಡವನಿಗೆ ಅದು ಹೊಟ್ಟೆಗೆ ತಟ್ಟುವ ದಂಡವೇ. ಆದರೆ ಬೆಲೆ ಏರಿದಂತೆ ದಂಡವೂ ಏರಬೇಕು ಎಂಬ ಏರ್ಪಾಡು ಕಾಯ್ದೆಯಲ್ಲಿ ಇರಲಿಲ್ಲ.

ಕಾನೂನು ಬಂದ ಮೇಲಿನ ಕೆಲಸ

ಬಹುತೇಕ ಹೋರಾಟಗಳು ಕಾನೂನು ಪಾಸಾದ ದಿನ ಸಿಹಿ ಹಂಚಿ ಮುಗಿಯುತ್ತವೆ. ರುಕ್ಮಿಣಿದೇವಿಯ ದೊಡ್ಡತನ ಕಾಣುವುದು ಅದರ ಮಾರನೇ ದಿನದಿಂದ. 1962ರಲ್ಲಿ ಮಂಡಳಿ ಶುರುವಾಯಿತು, ಆಕೆಯೇ ಮೊದಲ ಅಧ್ಯಕ್ಷೆ. ಅದೇ ವರ್ಷ ರಾಜ್ಯಸಭೆಯ ಅವಧಿ ಮುಗಿಯಿತು. ಸಂಸದೆಯ ಪಟ್ಟ ಹೋಯಿತು, ಕೆಲಸ ಉಳಿಯಿತು. ದೇಶದ ಮಂಡಳಿಯಾದರೂ ಅದರ ಕಚೇರಿ ಇದ್ದದ್ದು ದೆಹಲಿಯಲ್ಲಲ್ಲ, ಮದ್ರಾಸಿನಲ್ಲಿ. ಹರಿಯಾಣದ ಬಲ್ಲಭಗಢಕ್ಕೆ ಅದು ಹೋದದ್ದು 2018ರಲ್ಲಿ.

ಕಾಯ್ದೆ ಎಂಬುದು ಅಸ್ಥಿಪಂಜರ. ಮಾಂಸ ತುಂಬುವುದು ನಿಯಮಗಳು. ಮೆಕ್ಯಾನಿಕಲ್ ಓದುವ ನನಗೆ 1965ರ ಹೊರೆ ಎಳೆಯುವ ಪ್ರಾಣಿಗಳ ನಿಯಮಗಳನ್ನು ಓದಿದಾಗ ನಮ್ಮ ಪಠ್ಯಪುಸ್ತಕದ ಪುಟವೇ ಕಂಡಂತಾಯಿತು. ಗಾಡಿಗೆ ಎರಡು ಚಕ್ರವೋ ನಾಲ್ಕೋ, ಗಾಳಿ ತುಂಬಿದ ಟೈರ್ ಇದೆಯೋ ಇಲ್ಲವೋ, ಬಾಲ್ ಬೇರಿಂಗ್ ಹಾಕಿದೆಯೋ, ಎತ್ತು ದೊಡ್ಡದೋ ಚಿಕ್ಕದೋ ಎಂದು ನೋಡಿ ಎಷ್ಟು ಕಿಲೋ ಹೇರಬಹುದು ಎಂಬ ಪಟ್ಟಿ ಅದರಲ್ಲಿದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ಎಳೆಸುವಂತಿಲ್ಲ. ತಾಪಮಾನ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಾಡಿ ಕಟ್ಟುವಂತಿಲ್ಲ. ಕರುಣೆ ಎಂಬ ದೊಡ್ಡ ಮಾತನ್ನು ಕಿಲೋ, ಗಂಟೆ, ಡಿಗ್ರಿಗಳಿಗೆ ಇಳಿಸಿದ್ದಾರೆ. ಅಳತೆ ಇದ್ದರೆ ತಾನೆ ಮೀರಿದ್ದಾರೋ ಇಲ್ಲವೋ ಎಂದು ಹೇಳಲು ಆಗುವುದು? ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಗೆ ಹೋಗುವ ಎತ್ತಿನ ಗಾಡಿಗಳ ಹಿಂದೆ ಬಸ್ಸಿನಲ್ಲಿ ಸಿಕ್ಕಿಕೊಂಡವರು ಈ ಪಟ್ಟಿಯನ್ನು ಒಮ್ಮೆ ಓದಬೇಕು.

ಕೋತಿಗಳ ವಿಷಯ ಇನ್ನೊಂದು. ಪೋಲಿಯೊ ಲಸಿಕೆ ತಯಾರಿಸಲು, ಪರೀಕ್ಷಿಸಲು 1950ರ ದಶಕದಲ್ಲಿ ಭಾರತದಿಂದ ವರ್ಷಕ್ಕೆ ಲಕ್ಷಕ್ಕೂ ಮೀರಿ ಕೋತಿಗಳು ಹೊರದೇಶಕ್ಕೆ, ಮುಖ್ಯವಾಗಿ ಅಮೆರಿಕಕ್ಕೆ ಹೋಗುತ್ತಿದ್ದವು. 1955ರ ಜನವರಿಯಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಸುಮಾರು ನಾನೂರು ಕೋತಿಗಳು ಉಸಿರುಗಟ್ಟಿ ಸತ್ತವು. ಸರ್ಕಾರ ಕೆಲಕಾಲ ರಫ್ತು ನಿಲ್ಲಿಸಿ, ಷರತ್ತು ಹಾಕಿ ಮತ್ತೆ ಶುರು ಮಾಡಿತು. ಪೋಲಿಯೊ ಲಸಿಕೆ ಲೆಕ್ಕವಿಲ್ಲದಷ್ಟು ಮಕ್ಕಳನ್ನು ಉಳಿಸಿದೆ, ಅದನ್ನು ಮರೆತು ಮಾತಾಡುವುದು ನ್ಯಾಯವಲ್ಲ. ಆದರೆ ವೈದ್ಯಕೀಯ ಕೆಲಸಕ್ಕೆ ಎಂದು ಪಡೆದ ಕೋತಿಗಳನ್ನು ಅಮೆರಿಕದಲ್ಲಿ ಸೇನೆಯ ವಿಕಿರಣ ಪ್ರಯೋಗಕ್ಕೂ ಬಳಸಿದರು ಎಂಬುದು 1970ರ ದಶಕದಲ್ಲಿ ಬಯಲಾಯಿತು. ಮೊರಾರ್ಜಿ ದೇಸಾಯಿ ಸರ್ಕಾರ ರಫ್ತನ್ನು ನಿಷೇಧಿಸಿತು, 1978ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಈ ರಫ್ತು ನಿಲ್ಲಬೇಕೆಂದು ವರ್ಷಗಟ್ಟಲೆ ಕೇಳುತ್ತಾ ಬಂದವರಲ್ಲಿ ರುಕ್ಮಿಣಿದೇವಿ ಒಬ್ಬರು.

ಅದೇ ಮೊರಾರ್ಜಿ 1977ರಲ್ಲಿ ಆಕೆಗೆ ರಾಷ್ಟ್ರಪತಿ ಸ್ಥಾನಕ್ಕೆ ನಿಲ್ಲುವಂತೆ ಕೇಳಿದ್ದರು. ಒಪ್ಪಿದ್ದರೆ ದೇಶದ ಮೊದಲ ಮಹಿಳಾ ರಾಷ್ಟ್ರಪತಿಯಾಗುವ ಅವಕಾಶ ಎದುರಿಗಿತ್ತು. ಬೇಡ ಎಂದರು. ಕಲಾಕ್ಷೇತ್ರ ಮತ್ತು ಪ್ರಾಣಿಗಳ ಕೆಲಸ ಬಿಟ್ಟು ಬರಲು ಅವರಿಗೆ ಮನಸ್ಸಿರಲಿಲ್ಲ. 1986ರ ಫೆಬ್ರವರಿ 24ರಂದು, ಎಂಬತ್ತೆರಡಕ್ಕೆ ಕೆಲವೇ ದಿನ ಇರುವಾಗ, ಮದ್ರಾಸಿನಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಮಂಡಳಿಯ ಅಧ್ಯಕ್ಷೆ ಅವರೇ.

ಆಕೆ ಹೋದ ಮೇಲೆ

ಆ ಕಾಯ್ದೆಯಲ್ಲಿ ಒಂದು ಸಣ್ಣ ಕಿಟಕಿ ಇತ್ತು. ಯಾವ ಪ್ರಾಣಿಯನ್ನು ಪ್ರದರ್ಶನಕ್ಕೆ ಬಳಸಬಾರದು ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬಹುದು ಎಂಬ ಸೆಕ್ಷನ್ 22. ಅದರ ಬಲದಿಂದಲೇ 1990ರ ದಶಕದಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಸರ್ಕಸ್ಸಿನಿಂದ ಹೊರಗಿಡುವ ಆದೇಶ ಬಂತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ಪೀಳಿಗೆ ಸರ್ಕಸ್ಸಿನಲ್ಲಿ ಹುಲಿ ಬೆಂಕಿಯ ಬಳೆ ಹಾರುವುದನ್ನು ಕಂಡಿಲ್ಲ ಎಂದರೆ, ಅದರಲ್ಲಿ ರುಕ್ಮಿಣಿದೇವಿಯ ಪಾಲಿದೆ.

2011ರಲ್ಲಿ ಆ ಪಟ್ಟಿಗೆ ಹೋರಿಯೂ ಸೇರಿತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಆ ಮೊಕದ್ದಮೆಯಲ್ಲಿ ಅರ್ಜಿದಾರ ಆಕೆ ಕಟ್ಟಿದ ಮಂಡಳಿಯೇ. ಅದರ ಬಿಸಿ ನಮ್ಮ ಕರಾವಳಿಯ ಕಂಬಳಕ್ಕೂ ತಟ್ಟಿತು. ಜನ ಬೀದಿಗಿಳಿದರು. 2017ರಲ್ಲಿ ತಮಿಳುನಾಡು, ಕರ್ನಾಟಕ ಎರಡೂ ತಮ್ಮ ಮಟ್ಟಿಗೆ ಇದೇ 1960ರ ಕಾಯ್ದೆಗೆ ತಿದ್ದುಪಡಿ ತಂದವು. 2023ರಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಮಾನ್ಯ ಮಾಡಿತು. ಕೋಣವನ್ನು ಮನೆಮಗನಂತೆ ಸಾಕುವ ಕರಾವಳಿಯ ಕುಟುಂಬಗಳ ಮಾತನ್ನೂ ನಾನು ಕೇಳಿದ್ದೇನೆ, ಕಂಬಳ ಸರಿಯೋ ತಪ್ಪೋ ಎಂಬ ಜಗಳಕ್ಕೆ ಇಲ್ಲಿ ಇಳಿಯುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ: ಪಕ್ಷಭೇದ ಮರೆತು ಒಂದೇ ವರ್ಷದಲ್ಲಿ ಈ ಕಾಯ್ದೆಯನ್ನು ತಿದ್ದಲು ಸಾಧ್ಯವಿತ್ತು ಎಂದಾದರೆ, ಅದೇ ಕಾಯ್ದೆಯ ಐವತ್ತು ರೂಪಾಯಿ ದಂಡವನ್ನು ಅರವತ್ತು ವರ್ಷ ದಾಟಿದರೂ ತಿದ್ದಲು ಯಾಕೆ ಆಗಲಿಲ್ಲ?

1982ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಾಗಲೂ ಗರಿಷ್ಠ ದಂಡ ಐವತ್ತರಲ್ಲೇ ನಿಂತಿತು. ಶಿಕ್ಷೆ ಹೆಚ್ಚಿಸಿ ಎಂದು 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಸಂಸತ್ತಿಗೆ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಒಂದು ತಿದ್ದುಪಡಿ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು. ಅದು ಕಾನೂನಾಗುವ ಆತುರ ಯಾವ ಪಕ್ಷದಲ್ಲೂ ಕಾಣಲಿಲ್ಲ. ಉತ್ತರ ಕಷ್ಟದ್ದೇನಲ್ಲ. ಕಂಬಳ, ಜಲ್ಲಿಕಟ್ಟಿನ ಹಿಂದೆ ಮತವಿದೆ, ಜನರಿದ್ದಾರೆ, ಗದ್ದಲವಿದೆ. ಕಾಲು ಮುರಿದ ಕತ್ತೆಯ ಹಿಂದೆ ಯಾರಿದ್ದಾರೆ? ರಾಜಕೀಯ ತಾನಾಗಿ ಕ್ರೂರವಲ್ಲ, ಒತ್ತುವ ಕೈ ಇಲ್ಲದ ಕಡೆ ಅದು ಮಲಗಿಬಿಡುತ್ತದೆ.

ಹಾಗಾಗಿ 1954ರಲ್ಲಿ ಮಸೂದೆ ಹಿಂದಕ್ಕೆ ಪಡೆದದ್ದು ರುಕ್ಮಿಣಿದೇವಿಯ ಸೋಲು ಎಂದು ನನಗೆ ಅನ್ನಿಸುವುದಿಲ್ಲ. ಸಿಕ್ಕಷ್ಟನ್ನು ಪಡೆದು, ಅದನ್ನು ಬೆಳೆಸಲು ಇಪ್ಪತ್ತನಾಲ್ಕು ವರ್ಷ ಕೂತರು. ಸೋತದ್ದು ಅವರ ನಂತರದವರು. ಸೇತುವೆ ಕಟ್ಟಿದವರು ಚೆನ್ನಾಗಿಯೇ ಕಟ್ಟಿದರೂ ನಿರ್ವಹಣೆ ಇಲ್ಲದಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂದು ನಮಗೆ ತರಗತಿಯಲ್ಲಿ ಹೇಳುತ್ತಾರೆ. ಕಾನೂನಿಗೂ ಅದೇ ಮಾತು. ಬೆಂಗಳೂರಿನ ಒಳ್ಳೆಯ ಹೋಟೆಲಿನಲ್ಲಿ ಇಂದು ಐವತ್ತು ರೂಪಾಯಿಗೆ ಮಸಾಲೆ ದೋಸೆಯೂ ಬರುವುದಿಲ್ಲ. ಪ್ರಾಣಿಯನ್ನು ಹಿಂಸಿಸುವುದಕ್ಕೆ ಅದು ಶಿಕ್ಷೆಯಲ್ಲ, ಪರವಾನಗಿ ಶುಲ್ಕ.

ನಾವು ವಿದ್ಯಾರ್ಥಿಗಳು ಏನು ಮಾಡಬಹುದು? ಬೀದಿನಾಯಿಗೆ ಬಿಸ್ಕತ್ತು ಹಾಕಿ ಫೋಟೊ ತೆಗೆಯುವುದಕ್ಕಿಂತ ಸ್ವಲ್ಪ ಹೆಚ್ಚಿನದು ಸಾಧ್ಯ. ಕಾಯ್ದೆ ಮೂವತ್ತು ಚಿಲ್ಲರೆ ಪುಟ ದಾಟುವುದಿಲ್ಲ, ಒಂದು ಸಂಜೆ ಓದಿ ಮುಗಿಸಬಹುದು. ಹಿಂಸೆ ಕಂಡರೆ ದಿನಾಂಕ, ಜಾಗ, ಹೊರೆ ಬರೆದಿಟ್ಟುಕೊಂಡು ಮೂರು ತಿಂಗಳ ಗಡುವಿನೊಳಗೆ ದೂರು ಕೊಡಬಹುದು. ನಮ್ಮ ಸಂಸದರಿಗೆ ಒಂದು ಕಾಗದ ಬರೆದು ಈ ದಂಡದ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಬಹುದು. ಶುಕ್ರವಾರದ ಮಧ್ಯಾಹ್ನ ಈಗಲೂ ಸಂಸತ್ತಿನಲ್ಲಿ ಖಾಸಗಿ ಸದಸ್ಯರ ಮಸೂದೆಗಳಿಗೆ ಸಮಯ ಇದೆ. ಅಲ್ಲಿ ಎದ್ದು ನಿಲ್ಲುವವರು ಬೇಕು, ಅವರ ಬೆನ್ನ ಹಿಂದೆ ನಿಲ್ಲುವ ನಾವೂ ಬೇಕು.